ನಿವೃತ್ತರ ಬಳಗದ ನಡಿಗೆ, ಒಂದು ದಿನದ ಪ್ರವಾಸ: ಶಿರಸಿ–ಕಾರವಾರ ಸುತ್ತ ಯಾವುದು ಒಗ್ಗುತ್ತದೆ, ಯಾವುದು ಬೇಡ

ಅರವತ್ತು ದಾಟಿದ ಇಪ್ಪತ್ತೈದು–ಮೂವತ್ತು ಜನರನ್ನು ಬೆಳಿಗ್ಗೆ ಕರೆದುಕೊಂಡು ಹೋಗಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಮುಟ್ಟಿಸಬೇಕೆಂದರೆ ಉತ್ತರ ಕನ್ನಡದಲ್ಲಿ ಬನವಾಸಿಯಷ್ಟು ಒಗ್ಗುವ ಜಾಗ ಇನ್ನೊಂದಿಲ್ಲ. ಎರಡನೆಯದು ಹೊನ್ನಾವರದ ಕಾಸರಕೋಡು ಕಡಲತೀರ. ಜಲಪಾತ ನೋಡಲೇಬೇಕೆಂದು ಬಳಗ ಹಟ ಹಿಡಿದರೆ ಮಾಗೋಡು. ಉಂಚಳ್ಳಿ, ಯಾಣ ಎಷ್ಟೇ ಚೆಂದವಿದ್ದರೂ ಇಡೀ ಬಳಗಕ್ಕೆ ಅಲ್ಲ, ಅರ್ಧ ಬಳಗಕ್ಕೆ. ಇಲ್ಲಿ ಅಂಕ ಕೊಟ್ಟದ್ದು ಸೌಂದರ್ಯಕ್ಕಲ್ಲ, ನಾಲ್ಕು ಸಂಗತಿಗೆ: ವಾಹನ ನಿಲ್ಲುವಲ್ಲಿಂದ ನೋಡುವ ಜಾಗಕ್ಕೆ ಎಷ್ಟು ಮೆಟ್ಟಿಲು, ಶೌಚಾಲಯ ಎಷ್ಟು ದೂರ, ಕೂರಲು ನೆರಳಿದೆಯೇ, ಅರ್ಧ ದಾರಿಗೆ ಸಾಕೆನಿಸಿದವರು ಯಾರನ್ನೂ ಕೇಳದೆ ಹಿಂದಿರುಗಿ ಆರಾಮಾಗಿ ಕೂರಬಹುದೇ.

ನಾಲ್ಕನೆಯದನ್ನು ಬಹಳ ಬಳಗಗಳು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾಸ್ತರು, ಅಕ್ಕೋರು, ಬ್ಯಾಂಕಿನ ಮ್ಯಾನೇಜರು, ತಹಶೀಲ್ದಾರ ಕಚೇರಿಯ ಶಿರಸ್ತೇದಾರರು ಇವರೆಲ್ಲ ಮೂವತ್ತು ವರ್ಷ ಇನ್ನೊಬ್ಬರ ಕೆಲಸ ನಿಲ್ಲದಂತೆ ನೋಡಿಕೊಂಡವರು. ತಮ್ಮ ಮೊಣಕಾಲಿಂದ ಉಳಿದವರ ಪ್ರವಾಸ ನಿಂತಿತು ಎನ್ನಿಸಿಕೊಳ್ಳಲು ಅವರು ತಯಾರಿರುವುದಿಲ್ಲ. ನೋವು ನುಂಗಿಕೊಂಡು ನಡೆಯುತ್ತಾರೆ, ಮರುದಿನ ಹಾಸಿಗೆ ಹಿಡಿಯುತ್ತಾರೆ, ಮುಂದಿನ ಸಲ ಹೆಸರೇ ಕೊಡುವುದಿಲ್ಲ. ಬಳಗದಿಂದ ಜನ ಕಡಿಮೆಯಾಗುವುದು ಹೀಗೆಯೇ. ‘ನಿಮಗೆ ಆಗುತ್ತದೆಯೇ’ ಎಂದು ಕೇಳಿದರೆ ‘ಆಗುತ್ತದೆ’ ಎಂದೇ ಉತ್ತರ ಬರುತ್ತದೆ. ಕೇಳುವುದಕ್ಕಿಂತ, ದಾರಿಯಲ್ಲೇ ಕೂರುವ ಜಾಗವಿರುವ ತಾಣ ಆರಿಸುವುದು ಲೇಸು.

ಬನವಾಸಿ ಈ ಕಾರಣಕ್ಕೇ ಮೊದಲು ನಿಲ್ಲುತ್ತದೆ. ಶಿರಸಿಯಿಂದ ಹೆಚ್ಚುಕಡಿಮೆ 24 ಕಿ.ಮೀ., ದಾರಿಯಲ್ಲಿ ಘಟ್ಟವಿಲ್ಲ, ತಲೆ ಸುತ್ತುವವರಿಗೂ ತೊಂದರೆಯಿಲ್ಲ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮ ಕಟ್ಟಿದ ಕದಂಬ ರಾಜ್ಯದ ರಾಜಧಾನಿ, ಮೂರು ಕಡೆ ವರದಾ ಹೊಳೆ. ಮಧುಕೇಶ್ವರ ದೇವಸ್ಥಾನದ ಪ್ರಾಂಗಣ ಬಹುಪಾಲು ಸಮತಟ್ಟು. ಸುತ್ತು ಹಾಕುವಾಗ ಎಲ್ಲಿ ಬೇಕಾದರೂ ನಿಂತು ಕೂರಬಹುದು, ಕೂತವರು ಉಳಿದವರ ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಒಂದು ಕಣ್ಣು ಮಧುಕೇಶ್ವರನ ಕಡೆಗೆ, ಇನ್ನೊಂದು ಪಾರ್ವತಿಯ ಕಡೆಗೆ ಇರುವ ನಂದಿ, ಸೂಕ್ಷ್ಮ ಕೆತ್ತನೆಯ ಕಲ್ಲಿನ ಮಂಚ, ನುಣುಪಾದ ಕಂಬಗಳು: ಅವಸರವಿಲ್ಲದೆ ನೋಡಿದರೆ ಒಂದು ಗಂಟೆ ಬೇಕು. ಇತಿಹಾಸದ ಮಾಸ್ತರೊಬ್ಬರು ಬಳಗದಲ್ಲಿದ್ದರೆ ಎರಡು ಗಂಟೆ.

ಇಲ್ಲಿ ತಪ್ಪುವುದು ಎರಡು ಕಡೆ. ಮೊದಲನೆಯದು ಬಾಗಿಲು. ಹೊರಗಿನ ಬಿಸಿಲಿಂದ ಒಳಗಿನ ಕತ್ತಲೆಗೆ ಕಾಲಿಟ್ಟಾಗ, ವಯಸ್ಸಾದ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಪೊರೆ ಬೆಳೆಯುತ್ತಿರುವವರಿಗೆ ಇನ್ನೂ ಹೆಚ್ಚು. ಅದೇ ಹೊತ್ತಿಗೆ ಕಾಲಡಿಗೆ ಎತ್ತರದ ಹೊಸ್ತಿಲು. ಒಳಗೆ ಕಾಲಿಟ್ಟ ಮೇಲೆ ಕಂಬ ಹಿಡಿದು ಒಂದು ನಿಮಿಷ ನಿಲ್ಲಿ ಎಂದು ಮೊದಲೇ ಹೇಳಿಟ್ಟರೆ ಮುಗ್ಗರಿಸುವುದು ತಪ್ಪುತ್ತದೆ. ಎರಡನೆಯದು ನೆಲ. ಮಾರ್ಚ್ ನಂತರ ಹನ್ನೊಂದು ಗಂಟೆಗೆಲ್ಲ ಅಂಗಳದ ಚಪ್ಪಡಿ ಕಾದಿರುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಆ ಬಿಸಿ ಗೊತ್ತೇ ಆಗುವುದಿಲ್ಲ, ಬೊಬ್ಬೆ ಕಾಣುವುದು ಸಂಜೆ ಕಾಲು ತೊಳೆಯುವಾಗ. ಆದ್ದರಿಂದ ಬೇಸಿಗೆಯಲ್ಲಿ ಒಂಬತ್ತಕ್ಕೆ ಒಳಗಿದ್ದು ಹತ್ತೂವರೆಗೆ ಹೊರಗೆ ಬರುವಂತೆ ಸಮಯ ಹೊಂದಿಸಬೇಕು. ದಪ್ಪ ಹತ್ತಿಯ ಕಾಲುಚೀಲ ಒಣ ಕಲ್ಲಿನ ಮೇಲೆ ರಕ್ಷಣೆ ಕೊಡುತ್ತದೆ. ಒದ್ದೆ ಕಲ್ಲಿನ ಮೇಲೆ ಅದೇ ಕಾಲುಚೀಲ ಜಾರಿಸುತ್ತದೆ, ಮಳೆಗಾಲದಲ್ಲಿ ಬೇಡ.

ಬನವಾಸಿಯ ಮತ್ತೊಂದು ಹೆಚ್ಚುಗಾರಿಕೆ ಖರ್ಚು. ವಾಹನ ಗೊತ್ತು ಮಾಡುವ ಅಗತ್ಯವೇ ಇಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿಲ್ಲ. ಅರವತ್ತು ದಾಟಿದ ಗಂಡಸರಿಗೆ ಶೇ. 25 ರಿಯಾಯಿತಿ. ಆಧಾರ್ ಕಾರ್ಡು ಕೈಯಲ್ಲಿರಬೇಕು, ಚೀಲದ ತಳದಲ್ಲಿ ಅಲ್ಲ. ಆದರೆ ಮೂವತ್ತೂ ಜನ ಒಂದೇ ಬಸ್ಸಿಗೆ ನುಗ್ಗಿದರೆ ಹತ್ತು ಜನ ನಿಂತೇ ಹೋಗಬೇಕಾಗುತ್ತದೆ. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಹದಿನೈದು ಹದಿನೈದು ಜನರ ಎರಡು ತಂಡವಾಗಿ ಒಂದರ ಹಿಂದೊಂದು ಬಸ್ಸಿಗೆ ಹೋಗುವುದು ಸರಿ. ಶಾಲೆ–ಕಾಲೇಜು ಮಕ್ಕಳು ಓಡಾಡುವ ಹೊತ್ತು ತಪ್ಪಿಸಿದರೆ ಸೀಟು ಸಿಗುತ್ತದೆ.

ಬಸ್ಸಿಲ್ಲದ ಕಡೆಗೆ ಟೆಂಪೊ ಟ್ರಾವೆಲರ್ ಗೊತ್ತು ಮಾಡುವವರು ಸೀಟಿನ ಸಂಖ್ಯೆ ಕೇಳುತ್ತಾರೆ, ಮೆಟ್ಟಿಲ ಎತ್ತರ ಕೇಳುವುದಿಲ್ಲ. ದಿನಕ್ಕೆ ಆರೇಳು ಸಲ ಹತ್ತಿ ಇಳಿಯಬೇಕಾದ ವಾಹನದ ಮೊದಲ ಮೆಟ್ಟಿಲು ಮೊಣಕಾಲೆತ್ತರ ಇದ್ದರೆ ಅರ್ಧ ಆಯಾಸ ಅಲ್ಲೇ. ಒಂದು ಗಟ್ಟಿಮುಟ್ಟಾದ ಮರದ ಸ್ಟೂಲು ಡಿಕ್ಕಿಯಲ್ಲಿರಲಿ. ಅಂಗೈ ಅಗಲದ ಮಣೆಯಲ್ಲ, ಎರಡೂ ಪಾದ ಊರುವಷ್ಟು ಅಗಲವಿರಬೇಕು, ಎತ್ತರ ಏಳೆಂಟು ಇಂಚು ಸಾಕು. ಅಡಿಗೆ ಹಳೇ ಸೈಕಲ್ ಟಯರಿನ ತುಂಡು ಹೊಡೆದರೆ ಜಾರುವುದಿಲ್ಲ. ಇಳಿಯುವಾಗ ವಾಹನದ ಕಡೆ ಮುಖ ಮಾಡಿ ಹಿಮ್ಮುಖವಾಗಿ ಇಳಿಯಬೇಕು, ಹಿಡಿಕೆ ಕೈ ಬಿಡಬಾರದು. ಸೀಟು ಮೂವತ್ತಿದ್ದರೆ ಹೆಸರು ಬರೆದುಕೊಳ್ಳುವುದು ಇಪ್ಪತ್ತೇಳಕ್ಕೆ ನಿಲ್ಲಿಸಿ. ಉಳಿದ ಮೂರು ಸೀಟು ಚೀಲಕ್ಕೆ, ಕಾಲು ಚಾಚಲೇಬೇಕಾದವರಿಗೆ.

ಸೋಂದಾ–ಸಹಸ್ರಲಿಂಗ ಜೋಡಿ ಬನವಾಸಿಗೆ ಸಮೀಪದ ಸ್ಪರ್ಧಿ. ಎರಡೂ ಶಿರಸಿಯಿಂದ ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲೇ ಮುಗಿಯುತ್ತವೆ. ವಾದಿರಾಜ ಮಠದ ಆವರಣ ತಂಪು. ಊಟದ ಪ್ರಸಾದಕ್ಕೆ ಎಷ್ಟು ಜನ ಎಂದು ಹಿಂದಿನ ದಿನವೇ ತಿಳಿಸಿದರೆ ಮಠದವರಿಗೂ ಅನುಕೂಲ, ಬಳಗಕ್ಕೂ. ಜೂನ್ ನಂತರ ಹೋದರೆ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಮುಂಡಿಗೆ ಗಿಡಗಳ ಹಿಂಡಿಲಿನ ಮೇಲೆ ಗೂಡು ಕಟ್ಟುವುದನ್ನು ನೋಡಬಹುದು. ಸದ್ದು ಮಾಡದೆ ಕೂತಷ್ಟೂ ಹೆಚ್ಚು ಕಾಣುವ ಜಾಗವಾದ್ದರಿಂದ ನಿವೃತ್ತರಿಗೆ ಹೇಳಿ ಮಾಡಿಸಿದಂತಿದೆ. ಸಹಸ್ರಲಿಂಗಕ್ಕೆ ಮಾತ್ರ ಮಳೆಗಾಲ ಬೇಡ, ಶಾಲ್ಮಲೆ ತುಂಬಿ ಲಿಂಗಗಳೆಲ್ಲ ನೀರಡಿ ಹೋಗಿರುತ್ತವೆ. ನೀರಿಳಿದ ಮೇಲೆ, ಡಿಸೆಂಬರ್–ಜನವರಿಯಲ್ಲಿ ಹೋಗಬೇಕು. ಶಿವರಾತ್ರಿಯ ದಿನ ಕಾಲಿಡಲು ಜಾಗವಿರುವುದಿಲ್ಲ. ಹೊಳೆಗೆ ಇಳಿಯುವ ಮೆಟ್ಟಿಲಿನ ಕೆಳಗೆ ಬಂಡೆಯ ಬಣ್ಣ ನೋಡಿ ಕಾಲಿಡಬೇಕು: ಬೂದು ಬಣ್ಣದ್ದು ಒಣಗಿದೆ, ಕಪ್ಪಗೆ ಹೊಳೆಯುವುದರ ಮೇಲೆ ಪಾಚಿ ಇದೆ. ತೂಗುಸೇತುವೆ ಹಿಂಡು ಹಿಂಡಾಗಿ ದಾಟಿದಷ್ಟೂ ಹೊಯ್ದಾಡುತ್ತದೆ. ನಾಲ್ಕೈದು ಜನರಂತೆ, ನಡುವೆ ಅಂತರ ಬಿಟ್ಟು, ಹೆಜ್ಜೆ ಒಂದೇ ತಾಳಕ್ಕೆ ಬೀಳದಂತೆ ದಾಟಬೇಕು.

ಈಗ ಕರಾವಳಿ. ಕಾರವಾರದ ಬಳಗಗಳಿಗೆ ವಾರದ ನಡಿಗೆಗೆ ಟ್ಯಾಗೋರ್ ಕಡಲತೀರಕ್ಕಿಂತ ಬೇರೆ ಬೇಡ. ರವೀಂದ್ರನಾಥ ಟ್ಯಾಗೋರರು ತರುಣರಾಗಿದ್ದಾಗ, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆ ಉಳಿದಿದ್ದ ಊರು ಇದು. ಉತ್ತರಕ್ಕೆ ಕಾಳಿ ಸಮುದ್ರ ಸೇರುವ ಕೋಡಿಬಾಗ, ದಕ್ಷಿಣಕ್ಕೆ ಬೈತಖೋಲ ಬಂದರು, ನಡುವೆ ಉದ್ದಕ್ಕೂ ಮರಳು. ಪಕ್ಕದಲ್ಲೇ ಹೆದ್ದಾರಿ, ಸಾಕೆನಿಸಿದವರು ಎಲ್ಲಿ ಬೇಕಾದರೂ ಮೇಲೆ ಬಂದು ರಿಕ್ಷಾ ಹಿಡಿಯಬಹುದು.

ಆದರೆ ‘ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ’ ಎಂದು ಒಂದೇ ಸಮಯ ಗೊತ್ತು ಮಾಡಿದ ಬಳಗಕ್ಕೆ ಒಂದು ವಾರ ಗಟ್ಟಿ ಮರಳು, ಮುಂದಿನ ವಾರ ಮೆತ್ತನೆಯ ಮರಳು ಸಿಗುತ್ತದೆ. ಕಾರಣ ಸಮುದ್ರದ್ದು. ಒಂದು ಭರತದಿಂದ, ಅಂದರೆ ನೀರು ಪೂರ್ತಿ ಏರಿದ ಹೊತ್ತಿನಿಂದ, ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗೆ ದಿನಕ್ಕೆ ಐವತ್ತು ನಿಮಿಷ ತಡವಾಗುತ್ತ ಹೋಗಿ, ಈ ಭಾನುವಾರ ಆರು ಗಂಟೆಗೆ ಇಳಿತವಿದ್ದರೆ ಮುಂದಿನ ಭಾನುವಾರ ಹೆಚ್ಚುಕಡಿಮೆ ಅದೇ ಹೊತ್ತಿಗೆ ಭರತ. ಇಳಿತದಲ್ಲಿ ನೀರು ಹಿಂದೆ ಸರಿದು ಬಿಟ್ಟ ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿ, ನಡೆಯಲು ಸುಖ. ಭರತದಲ್ಲಿ ಉಳಿಯುವುದು ಮೇಲಿನ ಒಣ ಮರಳು ಮಾತ್ರ. ಹಿಮ್ಮಡಿ ಹೂತು, ಮೀನಖಂಡ ಎಳೆದು, ಎರಡು ಕಿ.ಮೀ. ನಡೆದರೆ ನಾಲ್ಕು ನಡೆದಷ್ಟು ಸುಸ್ತು. ಭರತದ ವಾರ ಮರಳಿಗೆ ಇಳಿಯದೆ ಮೇಲಿನ ಕಾಲುದಾರಿಯಲ್ಲೇ ನಡೆಯಿರಿ. ಹುಣ್ಣಿಮೆ, ಅಮಾವಾಸ್ಯೆ ಹತ್ತಿರವಿದ್ದಾಗ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಮೀನುಗಾರರನ್ನು ಕೇಳಿದರೆ ಭರತ ಯಾವಾಗ, ಇಳಿತ ಯಾವಾಗ ಎಂದು ಬಾಯಲ್ಲೇ ಹೇಳುತ್ತಾರೆ.

ಕಡಲತೀರ ಸಮತಟ್ಟಲ್ಲ, ನೀರಿನ ಕಡೆ ಇಳಿಜಾರು. ಒಂದೇ ದಿಕ್ಕಿಗೆ ನಡೆದರೆ ಸಮುದ್ರದ ಕಡೆಯ ಕಾಲು ಯಾವಾಗಲೂ ತಗ್ಗಿನಲ್ಲಿ, ಇನ್ನೊಂದು ಎತ್ತರದಲ್ಲಿ. ಹೋಗುವಾಗ ನಡೆದು ಬರುವಾಗ ರಿಕ್ಷಾದಲ್ಲಿ ಬಂದವರಿಗೆ ಒಂದೇ ಬದಿಯ ಸೊಂಟ ಹಿಡಿಯುವುದು ಇದರಿಂದಲೇ. ಎಷ್ಟು ಹೋಗುತ್ತೀರೋ ಅಷ್ಟೇ ವಾಪಸ್ಸು ಅದೇ ಸಾಲಿನಲ್ಲಿ ನಡೆದರೆ ಎರಡೂ ಕಾಲಿಗೆ ಸಮನಾಗುತ್ತದೆ. ಹೊರಟು ಇಪ್ಪತ್ತು ನಿಮಿಷಕ್ಕೆ ತಿರುಗಿಬಿಡಿ, ಒಟ್ಟು ನಲವತ್ತು ನಿಮಿಷ.

ತೀರದ ಪಕ್ಕದ ಚಾಪೆಲ್ ಯುದ್ಧನೌಕೆಯ ವಸ್ತುಸಂಗ್ರಹಾಲಯವನ್ನು ಹೊರಗಿಂದ ಎಲ್ಲರೂ ನೋಡಬಹುದು. ಒಳಗೆ ಬಾಗಿಲು ಕಿರಿದು, ಹೊಸ್ತಿಲು ಎತ್ತರ, ಏಣಿ ಕಡಿದು. ಮಂಡಿ ಬದಲಾಯಿಸಿಕೊಂಡವರಿಗೆ, ದಪ್ಪ ಶರೀರದವರಿಗೆ ಬೇಡ.

ಕಾಸರಕೋಡನ್ನು ಎರಡನೆಯ ಸ್ಥಾನಕ್ಕೆ ಇಟ್ಟದ್ದು ಅಲ್ಲಿನ ಅಚ್ಚುಕಟ್ಟಿಗೆ. ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ 2020ರಲ್ಲಿ ಸಿಕ್ಕ ಜಾಗ. ಆ ಮಾನ್ಯತೆಗೆ ಬೇಕಾದ ಶೌಚಾಲಯ, ಕೈಕಾಲು ತೊಳೆಯುವ ನೀರು, ಇಳಿಜಾರು ದಾರಿ, ಜೀವರಕ್ಷಕರ ವ್ಯವಸ್ಥೆಯೇ ನಿವೃತ್ತರ ಬಳಗಕ್ಕೂ ಬೇಕಾದದ್ದು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಬಳಗದಲ್ಲಿ ಹಲವರಿರುತ್ತಾರೆ. ದಾರಿಯಲ್ಲಿ ಒಂದೂವರೆ ಗಂಟೆಗೊಮ್ಮೆ ಒಳ್ಳೆಯ ಶೌಚಾಲಯವಿರುವಲ್ಲಿ ನಿಲ್ಲದಿದ್ದರೆ ಏನಾಗುತ್ತದೆ? ಮಾತ್ರೆಯನ್ನೇ ಬಿಡುತ್ತಾರೆ, ನೀರು ಕುಡಿಯುವುದನ್ನೂ ಬಿಡುತ್ತಾರೆ. ಹೆಂಗಸರಂತೂ ಹಿಂದಿನ ರಾತ್ರಿಯಿಂದಲೇ. ಕರಾವಳಿಯ ಸೆಕೆಯಲ್ಲಿ ತಲೆ ಸುತ್ತಿ ಬೀಳುವ ಪ್ರಸಂಗಗಳ ಮೂಲ ಬಹಳ ಸಲ ಇದೇ. ಪ್ರವಾಸದ ಚೀಟಿಯಲ್ಲಿ ಊಟದ ಸಮಯ ಬರೆಯುವಂತೆ ಶೌಚಾಲಯದ ನಿಲುಗಡೆಗಳನ್ನೂ ಸಮಯ ಸಮೇತ ಬರೆಯಿರಿ. ಬರೆದದ್ದು ಕಂಡರೆ ಜನ ಧೈರ್ಯವಾಗಿ ನೀರು ಕುಡಿಯುತ್ತಾರೆ.

ಹೊನ್ನಾವರದಲ್ಲೇ ಶರಾವತಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗಿನ ಮರದ ನಡಿಗೆದಾರಿಯನ್ನೂ ಜೊತೆಗೆ ಸೇರಿಸಬಹುದು. ಸಮತಟ್ಟು, ನೆರಳು. ಒದ್ದೆಯಾದಾಗ ಮಾತ್ರ ಹಲಗೆ ಜಾರುತ್ತದೆ. ಕಾರವಾರದಿಂದ ಹೊನ್ನಾವರ ಸುಮಾರು 90 ಕಿ.ಮೀ., ಒಂದು ದಿನಕ್ಕೆ ಇಷ್ಟೇ ಸಾಕು. ಅದಕ್ಕೆ ಇಡಗುಂಜಿ, ಅಪ್ಸರಕೊಂಡ, ಮುರ್ಡೇಶ್ವರ ಎಲ್ಲ ತುರುಕಿದ ಪಟ್ಟಿಗಳು ಕಾಣುತ್ತವೆ. ಅದು ಪ್ರವಾಸವಲ್ಲ, ಬಸ್ಸಿನಲ್ಲಿ ಕೂತು ಊರು ಎಣಿಸಿದಂತೆ. ಮುರ್ಡೇಶ್ವರಕ್ಕೆ ಪ್ರತ್ಯೇಕ ದಿನ ಇಡಿ. ರಾಜಗೋಪುರಕ್ಕೆ ಲಿಫ್ಟ್ ಇರುವುದರಿಂದ, ಮೆಟ್ಟಿಲೇರಲಾರದವರಿಗೂ ಸಮುದ್ರವನ್ನೂ ಶಿವನ ಪ್ರತಿಮೆಯನ್ನೂ ಎತ್ತರದಿಂದ ನೋಡುವ ಭಾಗ್ಯ ಸಿಗುವ ಅಪರೂಪದ ಜಾಗ ಅದು. ಸೋಮವಾರ, ರಜಾದಿನ ಬಿಟ್ಟರೆ ಸಾಲೂ ಸಣ್ಣದು. ಕಾರವಾರ, ಅಂಕೋಲಾ, ಕುಮಟಾದವರು ರೈಲಿನಲ್ಲಿ ಹೋಗಬಹುದು. ಹಿರಿಯ ನಾಗರಿಕರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತದ್ದು ಬಳಗದ ಖಜಾಂಚಿಗೆ ನೆನಪಿರಲಿ. ಪ್ಲಾಟ್‌ಫಾರ್ಮ್ ತಗ್ಗಿರುವ ಸಣ್ಣ ನಿಲ್ದಾಣದಲ್ಲಿ ರೈಲು ನಿಲ್ಲುವ ಅಲ್ಪ ಹೊತ್ತಿನಲ್ಲಿ ಮೂವತ್ತು ಜನ ಒಂದೇ ಬಾಗಿಲಿಂದ ಹತ್ತಲಾಗುವುದಿಲ್ಲ. ಎಂಟೆಂಟು ಜನರಂತೆ ನಾಲ್ಕು ಬಾಗಿಲಿಗೆ ಮೊದಲೇ ಹಂಚಿ ನಿಲ್ಲಿಸಬೇಕು.

ಮಿರ್ಜಾನ ಕೋಟೆ ಹೆದ್ದಾರಿಯಿಂದ ಹತ್ತಿರವೇ ಇದೆ. ಗೇರುಸೊಪ್ಪೆಯ ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿಗೆ ಅಂಟಿಕೊಂಡ ಜಂಬಿಟ್ಟಿಗೆಯ ಕೋಟೆ. ಮಳೆ ಕಳೆದ ಮೇಲೆ ಒಳಗಿನ ಹಸಿರು ಹುಲ್ಲು ನೋಡಿದಷ್ಟೂ ಸಾಲದು. ಒಳಗೆ ನೆರಳು ಕಡಿಮೆ, ಹತ್ತು ಗಂಟೆಯ ನಂತರ ಅಲ್ಲಿ ಇರಬಾರದು. ಮಳೆಗಾಲದಲ್ಲಿ ಜಂಬಿಟ್ಟಿಗೆಯ ಮೇಲಿನ ಪಾಚಿ ಜಾರುತ್ತದೆ.

ಶಿರಸಿಯಿಂದ ಕರಾವಳಿಗೆ ಇಳಿಯುವವರಿಗೆ ದೇವಿಮನೆ ಘಟ್ಟವೇ ದೊಡ್ಡ ಪರೀಕ್ಷೆ. ತಿರುವಿನಲ್ಲಿ ವಾಂತಿ ಬರುವವರು ಮುಂದಿನ ಸೀಟಿನಲ್ಲಿ, ಕಣ್ಣು ದೂರದ ರಸ್ತೆಯ ಮೇಲೆ. ಮೊಬೈಲು ನೋಡಬಾರದು. ವಾಂತಿ ತಡೆಯುವ ಮಾತ್ರೆ ಹೊರಡುವ ಅರ್ಧ ಗಂಟೆ ಮೊದಲು, ಘಟ್ಟದ ನಡುವೆ ನುಂಗಿದರೆ ಪ್ರಯೋಜನವಿಲ್ಲ. ಶಿರಸಿಯಲ್ಲಿ ಹೊಟ್ಟೆ ತುಂಬ ತಿಂದು ಇಳಿಯುವುದಕ್ಕಿಂತ ಒಂದು ಬಾಳೆಹಣ್ಣು, ಎರಡು ಬಿಸ್ಕೀಟು ತಿಂದು ಹೊರಟು, ಕುಮಟಾದಲ್ಲಿ ಬನ್ಸ್ ತಿನ್ನುವುದು ಸುಖ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ಎಂದಿನ ಹೊತ್ತಿಗೆ ಎಂದಿನಷ್ಟೇ ತಿನ್ನಬೇಕು.

ಮಳೆಗಾಲದಲ್ಲಿ ಘಟ್ಟವನ್ನೇ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಇರುವುದೇ ಕ್ಷೇಮ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ ಬದಿಯ ಚಹಾ ಅಂಗಡಿಯ ಮೇಲೆ. ಗುಡ್ಡ ಕಡಿದು ಮಾಡಿದ ರಸ್ತೆಯ ಬುಡದಲ್ಲಿ, ಎಷ್ಟೇ ಒಳ್ಳೆಯ ಚಾ ಸಿಗಲಿ, ಮಳೆಯಲ್ಲಿ ವಾಹನ ನಿಲ್ಲಿಸಬಾರದು. ಇದನ್ನು ಚಾಲಕನಿಗೆ ಹೊರಡುವ ಮೊದಲೇ ಹೇಳಬೇಕು, ಏಕೆಂದರೆ ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಅವನೇ.

ಜಲಪಾತಗಳಲ್ಲಿ ಮಾಗೋಡನ್ನು ಆರಿಸಿದ್ದಕ್ಕೆ ಕಾರಣ ಸರಳ: ಬೇಡ್ತಿ ಹೊಳೆ ಧುಮುಕುವುದನ್ನು ವಾಹನ ನಿಲ್ಲಿಸಿದ ಹತ್ತಿರದಿಂದಲೇ ಎದುರಿಗೆ ನೋಡಬಹುದು. ಯಲ್ಲಾಪುರದಿಂದ ಸುಮಾರು ಇಪ್ಪತ್ತು ಕಿ.ಮೀ. ಜೇನುಕಲ್ಲು ಗುಡ್ಡದ ಸೂರ್ಯಾಸ್ತ ನೋಡಿಯೇ ಬರುತ್ತೇವೆ ಎಂದರೆ ಕಾಡಿನ ದಾರಿಯಲ್ಲಿ ರಾತ್ರಿ ಪ್ರಯಾಣ. ಅದನ್ನು ಬಿಟ್ಟು ಕವಡಿಕೆರೆ ನೋಡಿ ಬೆಳಕಿರುವಾಗ ಹಿಂದಿರುಗುವುದು ಮೇಲು.

ಉಂಚಳ್ಳಿಯಲ್ಲಿ ಅಘನಾಶಿನಿ 116 ಮೀಟರ್ ಎತ್ತರದಿಂದ ಬೀಳುತ್ತದೆ. 1845ರಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದ ಬ್ರಿಟಿಷ್ ಅಧಿಕಾರಿಯ ಹೆಸರಿಂದ ಲುಷಿಂಗ್ಟನ್ ಜಲಪಾತ ಎಂದೂ ಕರೆಯುತ್ತಾರೆ. ಚೆನ್ನಾಗಿ ನೋಡಬೇಕೆಂದರೆ ಮೆಟ್ಟಿಲಿಳಿಯಬೇಕು. ಇಳಿಯುವುದು ಸುಲಭ ಎನ್ನಿಸುವುದೇ ಮೋಸ. ಇಳಿಯುವಾಗ ಮಂಡಿಗೆ ಭಾರ, ಹತ್ತುವಾಗ ಎದೆಗೆ ಭಾರ. ಎದೆಯ ತೊಂದರೆ ಇರುವವರಿಗೆ ಗೊತ್ತಾಗುವುದು ತಳಕ್ಕೆ ಹೋದ ಮೇಲೆ, ಆಗ ಬೇರೆ ದಾರಿಯಿಲ್ಲ. ಯಾಣದ್ದು ಇದಕ್ಕೆ ತಿರುವುಮುರುವು, ಮೊದಲು ಹತ್ತು, ಆಮೇಲೆ ಇಳಿ. ಆದ್ದರಿಂದ ದಣಿದವರು ದಾರಿಯಲ್ಲೇ ನಿಂತುಬಿಡಬಹುದು. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬ ಗಾದೆ ಹುಟ್ಟಿದ ಕಾಲದ ಕಷ್ಟ ಈಗಿಲ್ಲ, ವಾಹನ ಬಹಳ ಹತ್ತಿರ ಹೋಗುತ್ತದೆ. ಆದರೂ ಕೊನೆಯ ಭಾಗ ಕಾಡಿನ ಕಾಲುದಾರಿ, ಮೆಟ್ಟಿಲು. 120 ಮೀಟರಿನ ಭೈರವೇಶ್ವರ ಶಿಖರದ ಬುಡದವರೆಗೆ ಹೋಗಿ, ಕೂತು, ತಲೆಯೆತ್ತಿ ನೋಡಿದರೆ ಯಾಣ ನೋಡಿದಂತೆಯೇ. ಬಂಡೆಯ ಸೀಳಿನೊಳಗಿನ ಸುತ್ತು ಬರಿಗಾಲಿನದು. ಒದ್ದೆ ಕಲ್ಲು, ಚೂಪು ಅಂಚು. ಪಾದ ಜೋಮಿರುವವರು ದರ್ಶನ ಮಾಡಿ ಹೊರಗೇ ಉಳಿಯಲಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಎಷ್ಟು ಗಂಟೆಗೆ ವಾಪಸ್ಸು ಬರುತ್ತೇವೆಂದು ವಾಹನದ ಬಳಿ ಉಳಿದವರಿಗೆ ಬಾಯಲ್ಲಿ ಹೇಳಿ ಹೋಗಿ.

ಯಾವ ಜಾಗಕ್ಕೇ ಹೋಗಲಿ, ಗುಂಪಿನ ನಡಿಗೆ ಹಾಳಾಗುವುದು ಒಂದೇ ರೀತಿಯಲ್ಲಿ. ಚುರುಕಿನವರು ಮುಂದೆ ಹೋಗಿ ಮರದಡಿ ಹತ್ತು ನಿಮಿಷ ಕೂರುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರಿದ ಕೂಡಲೇ ‘ಎಲ್ಲರೂ ಬಂದರಲ್ಲ, ಹೊರಡೋಣ’ ಎಂದು ಏಳುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಇಲ್ಲ. ನಿಯಮ ಹೀಗಿರಲಿ: ಕೊನೆಯವರು ಬಂದು, ಕೂತು, ನೀರು ಕುಡಿದು, ಅವರೇ ಎದ್ದು ನಿಂತ ಮೇಲೆ ಉಳಿದವರು ಏಳುವುದು. ಗಡಿಯಾರ ಶುರುವಾಗುವುದು ಕೊನೆಯವರು ಕೂತಾಗ. ಮುಂದೆ ನಡೆಸುವವರು ಒಬ್ಬರು, ಎಲ್ಲರ ಹಿಂದೆ ಒಬ್ಬರು, ಇಬ್ಬರ ಕೊರಳಲ್ಲೂ ಸಿಳ್ಳೆ. ಒಂದು ಉದ್ದ ಸಿಳ್ಳೆ ಎಂದರೆ ಎಲ್ಲರೂ ನಿಂತಲ್ಲೇ ನಿಲ್ಲುವುದು. ಎಲ್ಲರ ಹಿಂದೆ ಸಿಳ್ಳೆ ಹಿಡಿದು ಬರುವವರಿಗಿಂತ ಹಿಂದೆ ಯಾರೂ ಉಳಿಯಬಾರದು, ಫೋಟೋಕ್ಕಾದರೂ.

ಕಾಡಿನ ಕಡೆ ಎರಡು ಜೀವಿಗಳ ವಿಚಾರ. ಮಳೆಗಾಲದಲ್ಲಿ ಉಂಬಳ (ಜಿಗಣೆ). ಸುಣ್ಣ, ತಂಬಾಕಿನ ನೀರು, ಉಪ್ಪು ಎಲ್ಲ ನಡೆಯುತ್ತದೆ. ಆದರೆ ಆಸ್ಪಿರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆಯವರಿಗೆ ಕಚ್ಚಿದ ಜಾಗ ಗಂಟೆಗಟ್ಟಲೆ ಒಸರುತ್ತದೆ. ಹತ್ತಿ ಒತ್ತಿ ಬಿಗಿಯಾಗಿ ಪಟ್ಟಿ ಕಟ್ಟಬೇಕು. ಒಣ ತಿಂಗಳುಗಳಲ್ಲಿ, ಅಂದರೆ ಡಿಸೆಂಬರ್‌ನಿಂದ ಮೇವರೆಗೆ, ಉಣುಗು. ಮಂಗನ ಕಾಯಿಲೆ ಹರಡುವುದು ಅದರಿಂದ, ಸಿದ್ದಾಪುರ, ಹೊನ್ನಾವರ ಕಡೆಯ ಕಾಡಿನಲ್ಲಿ ವಿಶೇಷ ಎಚ್ಚರ ಬೇಕು. ಮಂಗ ಸತ್ತ ಸುದ್ದಿ ಬಂದ ಊರಿಗೆ ಹೋಗಲೇಬೇಡಿ. ತರಗೆಲೆಯ ಮೇಲೆ ಕೂರಬಾರದು, ತುಂಬುತೋಳಿನ ಅಂಗಿ, ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಬಿಸಿನೀರ ಸ್ನಾನ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ.

ಊಟ ಕಟ್ಟಿಕೊಂಡು ಹೋಗುವುದಾದರೆ ಮೂವತ್ತು ಜನರ ತಿಂಡಿಗೆ ಎರಡು ಕಿಲೋ ಗಟ್ಟಿ ಅವಲಕ್ಕಿಯ ಒಗ್ಗರಣೆ, ಜೊತೆಗೆ ತಲೆಗೊಂದು ಬಾಳೆಹಣ್ಣು. ಊಟಕ್ಕೆ ಮೂರೂವರೆ ಕಿಲೋ ಅಕ್ಕಿ ಸಾಕು, ಈ ವಯಸ್ಸಿಗೆ ನಾಲ್ಕು ಹೆಚ್ಚಾಗುತ್ತದೆ. ಮಜ್ಜಿಗೆ ಎಂಟು ಲೀಟರು, ಕುಡಿಯಲು ಮತ್ತು ಕೈತೊಳೆಯಲು ಇಪ್ಪತ್ತು ಲೀಟರಿನ ಮೂರು ಕ್ಯಾನು ನೀರು. ಕಾಯಿ ಚಟ್ನಿ ಬೇಡ, ಕರಾವಳಿಯ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಮೊಸರನ್ನವನ್ನೂ ಬೆಳಿಗ್ಗೆಯೇ ಕಲಸಬಾರದು. ಅನ್ನ ಬೇರೆ, ಮೊಸರು ಬೇರೆ ಒಯ್ದು ಅಲ್ಲೇ ಕಲಸಿ. ಮಿಡಿ ಉಪ್ಪಿನಕಾಯಿ ಎಲ್ಲರಿಗೂ ಇಷ್ಟ, ಬಿಪಿಯವರಿಗೆ ಒಂದು ಮಿಡಿಯೂ ಹೆಚ್ಚೇ. ಆಸರಿಗೆ ಮುರುಗಲು ಪಾನಕವನ್ನು ಬೆಲ್ಲ ಹಾಕಿದ್ದು, ಹಾಕದ್ದು ಎಂದು ಎರಡು ಪಾತ್ರೆಯಲ್ಲಿ ಮಾಡಿ, ಹಾಕದ್ದರ ಮುಚ್ಚಳಕ್ಕೆ ದಾರ ಕಟ್ಟಿ. ಊಟ ಒಂದು ಗಂಟೆಯ ಮೇಲೆ ಹೋಗಬಾರದು. ಬೆವರು, ಕೈನಡುಕ, ಮಾತು ತಪ್ಪುವುದು ಕಂಡರೆ ಸಕ್ಕರೆ ಇಳಿದಿದೆ ಎಂದೇ ತಿಳಿದು ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, ಹದಿನೈದು ನಿಮಿಷ ಕಾಯಿರಿ. ಸುಧಾರಿಸದಿದ್ದರೆ ಇನ್ನೊಮ್ಮೆ, ಜೊತೆಗೆ 108ಕ್ಕೆ ಕರೆ. ನುಂಗಲಾಗದ ಸ್ಥಿತಿಯಲ್ಲಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ನೇರ 108. ಪ್ರತಿಯೊಬ್ಬರ ಅಂಗಿಯ ಜೇಬಿನಲ್ಲೋ ಸೆರಗಿನ ಪರ್ಸಿನಲ್ಲೋ ಹೆಸರು, ತೆಗೆದುಕೊಳ್ಳುವ ಮಾತ್ರೆ, ಮನೆಯ ನಂಬರು ಬರೆದ ಚೀಟಿ ಇರಲಿ. ಮೊಬೈಲಿನಲ್ಲಿ ಇದೆ ಎಂದರೆ ಸಾಲದು, ಅದಕ್ಕೆ ಬೀಗ ಇರುತ್ತದೆ.

ದಿನ ಆರಿಸುವಾಗ ಏಕಾದಶಿ, ಸಂಕಷ್ಟಿ, ಪಿತೃಪಕ್ಷ ನೋಡಿಕೊಳ್ಳಿ. ಶಿರಸಿ ಕಡೆಯವರಿಗೆ ಅಡಿಕೆ ಕೊನೆಕೊಯ್ಲಿನ ಸಮಯ ಕೂಡ: ತೋಟವಿದ್ದ ನಿವೃತ್ತರು ಆಗ ನಿವೃತ್ತರಲ್ಲ. ನವೆಂಬರ್‌ನಲ್ಲಿ ಜೀವಿತ ಪ್ರಮಾಣ ಪತ್ರದ ಓಡಾಟ. ಪಿಂಚಣಿ ಬಂದ ಮೇಲಿನ ವಾರ ಹಣ ಕೊಡಲು ಸಲೀಸು. ಖರ್ಚನ್ನು ಹೆಸರು ಕೊಟ್ಟ ಇಪ್ಪತ್ತೇಳು ಜನರಿಗೆ ಹಂಚದೆ ಇಪ್ಪತ್ತನಾಲ್ಕಕ್ಕೆ ಹಂಚಿ, ಕೊನೆಯ ಹೊತ್ತಿಗೆ ಮೂವರು ಬರಲಾಗದೇ ಹೋಗುವುದು ನಿಶ್ಚಿತ. ಉಳಿದರೆ ಮುಂದಿನ ಸಲದ ಚಾ ಖರ್ಚಿಗೆ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡು ಒಬ್ಬರೇ ಇರುವವರಿಗೆ ನೋಟೀಸು ಸಾಲದು, ಮನೆಗೆ ಹೋಗಿ ಕರೆಯಬೇಕು. ಈ ಪ್ರವಾಸ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವರಿಗೆ, ಹೆಸರು ಕೊಡಲು ಹಿಂಜರಿಯುವವರೂ ಅವರೇ.

ವಾಪಸ್ಸು ಬರುವಾಗ ಎಲ್ಲರನ್ನೂ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಕೈ ತೊಳೆದುಕೊಳ್ಳುವ ಪದ್ಧತಿ ಬಿಡಬೇಕು. ದಣಿದ ಕಾಲು, ಕತ್ತಲು, ಏರುಪೇರಿನ ರಸ್ತೆ: ದಿನವಿಡೀ ಬೀಳದವರು ಬೀಳುವುದು ಮನೆಯ ತಿರುವಿನಲ್ಲಿ. ವಾಹನ ಗೊತ್ತು ಮಾಡುವಾಗಲೇ ಐದಾರು ಕಡೆ ಇಳಿಸುವ ಮಾತಾಡಿಕೊಳ್ಳಿ. ಇಳಿಯುವ ಕ್ರಮದಲ್ಲೇ ಸೀಟು ಕೊಡಿ, ಮೊದಲು ಇಳಿಯುವವರು ಬಾಗಿಲ ಹತ್ತಿರ. ಅವರು ಗೇಟು ತೆಗೆದು ಒಳಗೆ ಹೋಗಿ ಅಂಗಳದ ದೀಪ ಹಾಕುವವರೆಗೆ ವಾಹನ ಅಲ್ಲೇ ನಿಂತಿರಲಿ.